ಅಣ್ಣ ಹಿಂದಕ್ಕೆ ತೆಗೆದುಕೊಂಡ ತುಂಡು

ಆ ಗುರುವಾರ ಸಂಜೆ ಅಣ್ಣ ಸಂತೆಯಿಂದ ತಂದ ಕುಂಬಳಕಾಯಿಯನ್ನು ಕಿವಿಗೆ ಹಚ್ಚಿಕೊಂಡು ಬೆರಳಿನಿಂದ ಬಡಿಯುತ್ತ ಪಡಸಾಲೆಯಲ್ಲಿ ಕೂತಿದ್ದ. ಬಹಳ ಹೊತ್ತು ಕೇಳಿ, "ಇದರಾಗ ಏನೋ ಐತಿ" ಅಂದ. ಕೊಯ್ದಾಗ ಬೀಜ, ತಿರುಳು ಬಿಟ್ಟು ಏನೂ ಇರಲಿಲ್ಲ. "ಈ ಸಲ ಪಾರಾತು" ಅಂದು ಎದ್ದುಹೋದ. ನಮ್ಮ ಮನೆಯ ಕೊನೆಯ ಸಾದಾ ದಿನ ಅದು.

ಅಣ್ಣನ ಹೆಸರು ಶಿವಪ್ಪ. ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆ ಶುರುವಾದ ಹೊಸದರಲ್ಲಿ ಧಾರವಾಡದ ಕಡೆಯಿಂದ ಬಂದವನು. ಬಡಿದು ನೋಡುವುದೇ ಅವನ ಕೆಲಸ. ಜೋಯಿಡಾ ಕಾಡಿನಿಂದ ಲಾರಿಯಲ್ಲಿ ಬಂದ ಬಿದಿರನ್ನು ಕೋಲಿನಿಂದ ತಟ್ಟಿ, ಸಪ್ಪಳ ಕೇಳಿ, ಹುಳ ಹತ್ತಿದ್ದನ್ನು ಬೇರೆ ಹಾಕಬೇಕು. ಆ ಚಾಳಿ ಮನೆಗೂ ಬಂತು. ಹಾಲನ್ನು ಉಗುರಿನ ಮೇಲೆ ಬಿಟ್ಟು ನೋಡುತ್ತಿದ್ದ. ಹಳಿಯಾಳದ ಬಸ್ಸು ಹತ್ತುವ ಮೊದಲು ನಾಲ್ಕೂ ಗಾಲಿಗಳನ್ನು ಒದ್ದು ನೋಡುತ್ತಿದ್ದ. ಕಂಡಕ್ಟರ್, "ಏನ್ರಿ ಶಿವಪ್ಪಣ್ಣ, ಬಸ್ಸ ಖರೀದಿ ಮಾಡವ್ರೇನು?" ಎಂದು ಕೇಳಿದರೆ, "ಜೀವ ಕೊಡೂದೈತೆಲ್ಲೋ ನಿನ್ನ ಕೈಯಾಗ, ನೋಡಿ ಕೊಡ್ತೇನಿ" ಅನ್ನುತ್ತಿದ್ದ. ಮೂರು ಕಡೆ ಹೆಣ್ಣು ನೋಡಿದ. ಮೂರೂ ಮನೆಯವರ ಮಾತಿನಲ್ಲಿ ಏನೋ ಪೊಳ್ಳು ಸಪ್ಪಳ ಕೇಳಿಸಿತಂತೆ. ಮದುವೆಯಾಗದೆ ಉಳಿದ.

ನಾನು ಗಂಗವ್ವ, ಅವನ ಒಬ್ಬಳೇ ತಂಗಿ. ಹಳಿಯಾಳದ ಗಂಡನ ಮನೆಯಲ್ಲಿ ಬಾಳಲಾಗದೆ ಒಂದು ಟ್ರಂಕು ಹಿಡಿದು ಅವನ ಬಾಗಿಲಿಗೆ ಬಂದಾಗ ಅಣ್ಣ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಎಲ್ಲರನ್ನೂ ಕೇಳುವವನು ನನ್ನನ್ನು ಕೇಳಲಿಲ್ಲವಲ್ಲ ಎಂದು ನನಗೇ ದಿಗಿಲಾಗಿತ್ತು. ಒಳಗೊಳಗೆ ಏನು ಎಣಿಸುತ್ತಿದ್ದಾನೋ, ಯಾವ ದಿನ ಟ್ರಂಕನ್ನು ಹೊರಗಿಡುತ್ತಾನೋ ಎಂದು ಅವನ ಮುಖ ನೋಡುತ್ತಲೇ ಇರುತ್ತಿದ್ದೆ.

ನಮ್ಮ ಓಣಿಯಲ್ಲಿ ಹನ್ನೆರಡು ಮನೆ. ಎಲ್ಲ ಕಾರ್ಖಾನೆಯವರೇ ಸೇರಿ ಕಟ್ಟಿಕೊಂಡಿದ್ದರಿಂದ ಮನೆ ಮಾಲೀಕರ ಒಂದು ಸಣ್ಣ ಸಂಘವಿತ್ತು, ಅದಕ್ಕೆ ಐದು ಜನರ ಮಂಡಳಿ. ಅಧ್ಯಕ್ಷರು ರುದ್ರಗೌಡರು, ಲೆಕ್ಕಪತ್ರ ಬರೆಯುವವರು ನಿಂಗಪ್ಪ ಮಾಸ್ತರರು. ಉಳಿದ ಮೂವರಲ್ಲಿ ಅಣ್ಣ ಒಬ್ಬ. ಮತ ಹಾಕಲು ಬಿದಿರಿನ ತುಂಡುಗಳನ್ನು ಬಳಸುತ್ತಿದ್ದರು. ಗೆಣ್ಣಿದ್ದ ತುಂಡು ಹಾಕಿದರೆ ಒಪ್ಪಿಗೆ, ಗೆಣ್ಣಿಲ್ಲದ್ದು ಹಾಕಿದರೆ ಇಲ್ಲ. ತುಂಡನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ತಾಮ್ರದ ಕೊಡದೊಳಗೆ ಕೈಬಿಡಬೇಕು. ತೀರ್ಮಾನಕ್ಕೆ ಸಹಿ ಬೀಳುವುದು ಮಾತ್ರ ಮುಂದಿನ ಭಾನುವಾರ. ಅಷ್ಟರೊಳಗೆ ಯಾರಾದರೂ ತಾನು ಹಾಕಿದ ತುಂಡನ್ನು ಹಿಂದಕ್ಕೆ ಕೇಳಬಹುದು. ಕೇಳಿದರೆ ಎಲ್ಲರೂ ಹೊಸದಾಗಿ ಹಾಕಬೇಕು. ಈ ನಿಯಮವನ್ನು ಹಟ ಹಿಡಿದು ಬರೆಸಿದವನು ಅಣ್ಣನೇ. "ಮನಷ್ಯಾನ ಬುದ್ಧಿ ಒಂದ್ ವಾರ ಹಂಗ ಇಟ್ಟ ನೋಡಬೇಕ್ರಿ. ಕೊಳಿತೈತೋ ಉಳಿತೈತೋ ತಿಳಿತೈತಿ" ಅಂದಿದ್ದ. ಉಳಿದ ನಾಲ್ವರ ಬುದ್ಧಿಯ ಮೇಲೆ ಅವನಿಗೆ ನಂಬಿಕೆಯಿರಲಿಲ್ಲ. ಆ ನಿಯಮ ಮುಂದೆ ತನಗೇ ಬೇಕಾದೀತೆಂದು ಅವನು ಎಣಿಸಿರಲಾರ.

ನಮ್ಮ ಹಿತ್ತಲ ಬೇಲಿಯಾಚೆಗಿನ ಮೂಲೆಮನೆ ಶಾಂತಕ್ಕನದು. ಗಂಡ ಸತ್ತ ಮೇಲೆ ಆಕೆ ಮನೆಯಲ್ಲೇ ಖಾನಾವಳಿ ಇಟ್ಟಿದ್ದಳು. ಪಾಳಿ ಮುಗಿಸಿ ಬಂದ ಒಂಟಿ ಗಂಡಸರು ಅಲ್ಲಿ ರೊಟ್ಟಿ, ಪಲ್ಯ ಉಣ್ಣುತ್ತಿದ್ದರು. ಹೊರಗಿನವರು ಓಣಿಗೆ ಬರುತ್ತಾರೆಂದು ಮಂಡಳಿಯಲ್ಲಿ ದೂರಿತ್ತು. ಖಾನಾವಳಿ ಮುಚ್ಚಬೇಕು, ಇಲ್ಲವೇ ಮನೆ ಬಿಡಬೇಕು ಎಂದು ಇಬ್ಬರ ವಾದ. ಇರಲಿ ಬಿಡಿ ಎಂದು ಇಬ್ಬರು. ಅಣ್ಣ ಇನ್ನೂ ಬಡಿದು ನೋಡುತ್ತಿದ್ದ.

ಆ ಬೇಸಿಗೆ ನಲ್ಲಿಯಲ್ಲಿ ನೀರು ಬರುವುದು ಕಡಿಮೆಯಾಗಿತ್ತು. ನಮ್ಮ ಹಿತ್ತಲಲ್ಲಿ ಅಣ್ಣ ತಾನೇ ನಿಂತು ತೋಡಿಸಿದ ಬಾವಿಯಿತ್ತು. ಹೊರಗಿನವರು ಮುಟ್ಟಬಾರದೆಂದು ಕಟ್ಟಪ್ಪಣೆ. ಒಂದು ದಿನ ಶಾಂತಕ್ಕ ಖಾಲಿ ಕೊಡ ಹಿಡಿದು ನಲ್ಲಿಯ ಮುಂದೆ ಅಳುತ್ತ ನಿಂತಿದ್ದನ್ನು ಕಂಡೆ. ಮರುದಿನದಿಂದ ಅಣ್ಣ ಮೊದಲ ಪಾಳಿಗೆ ಹೋದ ಕೂಡಲೆ, ನಸುಕಿನಲ್ಲಿ, ನಾಲ್ಕು ಕೊಡ ನೀರು ಸೇದಿ ಬೇಲಿಯ ಆಚೆ ಕೊಡತೊಡಗಿದೆ. ಬಾವಿಯ ಹತ್ತಿರ ಮುಳ್ಳು. ಅಣ್ಣ ಕಾರ್ಖಾನೆಗೆ ಬೂಟು ಹಾಕಿಕೊಂಡು ಹೋಗುತ್ತಿದ್ದ. ಮನೆಯಲ್ಲಿ ಉಳಿದ ಅವನ ದೊಡ್ಡ ಚಪ್ಪಲಿಯನ್ನು ನಾನು ಮೆಟ್ಟಿಕೊಳ್ಳುತ್ತಿದ್ದೆ.

ಬಾವಿಯ ಒಳಗಿನ ಕಲ್ಲಿಗೆ ಅಣ್ಣ ಡಾಂಬರಿನ ಗುರುತು ಹಾಕಿದ್ದು ನನಗೆ ಗೊತ್ತಿರಲಿಲ್ಲ. ನೀರು ದಿನಾ ಗುರುತಿನಿಂದ ಕೆಳಗೆ ಇಳಿಯುತ್ತಿದ್ದುದು ಅವನ ಕಣ್ಣಿಗೆ ಬಿದ್ದಿತ್ತು. ಆ ಗುರುವಾರ, ಕುಂಬಳಕಾಯಿ ಕೊಯ್ದ ಮೇಲೆ, ನಾನು ಹಿಟ್ಟಿನ ಗಿರಣಿಗೆ ಹೋದಾಗ ಅವನು ಬಾವಿಯ ಸುತ್ತ ಒಲೆಯ ಬೂದಿಯನ್ನು ಜರಡಿ ಹಿಡಿದು ಚೆಲ್ಲಿದ. ಶುಕ್ರವಾರ ನಸುಕಿನಲ್ಲಿ ನನಗದು ಕಾಣಲಿಲ್ಲ. ಬಿಸಿಲು ಬಿದ್ದ ಮೇಲೆ ಕಂಡಿತು, ಬೂದಿಯ ತುಂಬ ದೊಡ್ಡ ದೊಡ್ಡ ಹೆಜ್ಜೆ. ಒರೆಸಿದರೆ ಒರೆಸಿದವರಾರು ಎಂಬ ಮಾತು ಬರುತ್ತದೆ. ಪೊರಕೆ ಹಿಡಿದು ನಿಂತೆ, ಮತ್ತೆ ಮೂಲೆಗಿಟ್ಟೆ.

ಮಧ್ಯಾಹ್ನ ಅಣ್ಣ ಬಂದು ಒಂದು ಬಿದಿರಿನ ಸೀಳನ್ನು ಹೆಜ್ಜೆಯ ಉದ್ದಕ್ಕೆ ಸರಿಯಾಗಿ ಕತ್ತರಿಸಿದ. ಎರಡು ದಿನ ಅದನ್ನು ಕಿಸೆಯಲ್ಲಿಟ್ಟುಕೊಂಡು ಓಣಿಯ ಗಂಡಸರ ಕಾಲು ನೋಡುತ್ತ ತಿರುಗಿದ. ಶಾಂತಕ್ಕನಲ್ಲಿ ಉಣ್ಣುತ್ತಿದ್ದ, ಕ್ಯಾಸಲ್‌ರಾಕ್ ಕಡೆಯ ಒಬ್ಬ ಎತ್ತರದ ಆಳಿನ ಚಪ್ಪಲಿ ಬಾಗಿಲ ಹೊರಗಿತ್ತು. ಅದಕ್ಕೆ ಸೀಳು ಸರಿಹೊಂದಿತು. ಊರವರ ಕಾಲನ್ನೆಲ್ಲ ಅಳೆದ ಅಣ್ಣ ತನ್ನ ಚಪ್ಪಲಿಯನ್ನು ಅಳೆಯಲಿಲ್ಲ.

ಭಾನುವಾರ ರುದ್ರಗೌಡರ ಕಟ್ಟೆಯ ಮೇಲೆ ಮಂಡಳಿ ಕೂಡಿತು. ಹೆಂಗಸರು ಕೆಳಗೆ ನಿಂತಿದ್ದೆವು. ಅಣ್ಣ ಸೀಳನ್ನು ಎತ್ತಿ ತೋರಿಸಿದ.

"ಶಾಂತಕ್ಕ, ನಿನ್ನ ಮನ್ಯಾಗ ಉಣ್ಣಾವ್ರು ನಮ್ಮ ಬಾವಿಗೆ ಬರ್ತಾರೋ ಇಲ್ಲೋ?"

ಶಾಂತಕ್ಕ ಒಂದು ಸಲ ನನ್ನ ಕಡೆ ನೋಡಿದಳು. ನಾನು ಕಣ್ಣು ತಪ್ಪಿಸಿ ನೆಲ ನೋಡಿದೆ.

"ನಮ್ಮ ಮಂದಿ ಯಾರೂ ಬಂದಿಲ್ಲ ಶಿವಪ್ಪಣ್ಣ" ಅಂದಳು.

"ಮತ್ಯಾರು ಬಂದ್ರು?"

"ನನಗ ಗೊತ್ತಿಲ್ಲ."

ಗೊತ್ತಿತ್ತು. ಇಂಥವರು ಎಂದು ಒಂದು ಹೆಸರು ಹೇಳಿದ್ದರೆ ಆಕೆಯ ಖಾನಾವಳಿ ಉಳಿಯುತ್ತಿತ್ತು. ಹೇಳಲಿಲ್ಲ. ಕೊಡವನ್ನು ಬೋರಲು ಹಾಕಿದಾಗ ಗೆಣ್ಣಿನ ತುಂಡು ಮೂರು, ಗೆಣ್ಣಿಲ್ಲದ್ದು ಎರಡು. ಖಾನಾವಳಿ ಮುಚ್ಚಬೇಕೆಂದು ನಿಂಗಪ್ಪ ಮಾಸ್ತರರು ಪುಸ್ತಕದಲ್ಲಿ ಬರೆದುಕೊಂಡರು.

ಬುಧವಾರ ಶಾಂತಕ್ಕ ದೊಡ್ಡ ಪಾತ್ರೆಗಳನ್ನು ಹುಲ್ಲಿನಲ್ಲಿ ಸುತ್ತಿ ಗೋಣಿಯಲ್ಲಿ ತುಂಬುತ್ತಿದ್ದಳು. ಬೇಲಿಯ ಹತ್ತಿರ ಹೋಗಿ ನಿಂತೆ. "ನೀ ಅಂಜಬ್ಯಾಡವ್ವ ಗಂಗವ್ವ. ನನಗ ರೊಟ್ಟಿ ಬಡಿಯಾಕ ಬರ್ತೈತಿ, ಎಲ್ಲಿ ಹೋದ್ರೂ ಬದುಕ್ತೇನಿ. ನಿನಗ ಇದೊಂದ ಬಾಗಲಾ" ಅಂದಳು. ಆಕೆ ಬೈದಿದ್ದರೆ ನಾನು ಸುಮ್ಮನಿರುತ್ತಿದ್ದೆನೋ ಏನೋ.

ಅಂದು ಮಧ್ಯಾಹ್ನ ಅಣ್ಣ ಉಂಡು ಎದ್ದ ಮೇಲೆ ಅವನ ಚಪ್ಪಲಿಯನ್ನು ತಂದು ಅವನ ಮುಂದಿಟ್ಟೆ. ಮೊಳೆಗೆ ಸಿಕ್ಕಿಸಿದ್ದ ಸೀಳನ್ನು ತೆಗೆದು ಅದರ ಮೇಲಿಟ್ಟೆ. ತುದಿಗೆ ತುದಿ ಕೂತಿತು. ಅಣ್ಣ ಚಪ್ಪಲಿ ನೋಡಿದ, ನನ್ನನ್ನು ನೋಡಿದ.

"ನೀನ ಏನು?"

"ಹೂಂ. ಶಾಂತಕ್ಕಗ ನೀರು ಕೊಡತಿದ್ದೆ."

"ಮತ್ತ ಸಭಾದಾಗ ಯಾಕ ಬಾಯಿ ಬಿಡಲಿಲ್ಲ?"

"ನೀ ಮನಿ ಬಿಟ್ಟ ಹೊರಗ ಹಾಕ್ತಿ ಅಂತ ಅಂಜಿದೆ."

ಅಣ್ಣ ಕೂಗಾಡುತ್ತಾನೆಂದು ಎಣಿಸಿದ್ದೆ. ಅವನು ಗೋಡೆಗೆ ಒರಗಿ ಕೂತ. "ನನ್ನ ಮ್ಯಾಲ ನಿನಗ ಅಷ್ಟ ಅನುಮಾನ ಏನ ತಂಗೆವ್ವ?" ಎಂದು ಕೇಳಿದ. ಅವನ ದನಿ ಹಾಗೆ ಇಳಿದದ್ದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ. ಆಮೇಲೆ ಎದ್ದು ಸೀಳನ್ನು ಮುರಿದು ಒಲೆಗೆ ಹಾಕಿದ.

"ಈ ಮಾತು ಹೊರಗ ಬೀಳಬಾರದು. ಗಂಡನ ಮನಿ ಬಿಟ್ಟ ಬಂದಾಕಿ, ಅಣ್ಣನ ಮನ್ಯಾಗ ಕದ್ದಳು ಅಂತಾರ ಮಂದಿ. ನಾ ನೋಡ್ಕೋತೇನಿ."

ಮುಂದಿನ ಭಾನುವಾರ ಸಹಿಗೆ ಪುಸ್ತಕ ಬಿಚ್ಚಿದ ಕೂಡಲೆ ಅಣ್ಣ ಎದ್ದುನಿಂತ.

"ನನ್ನ ತುಂಡು ನಾ ಹಿಂದಕ್ಕ ತಗೋತೇನ್ರಿ."

ರುದ್ರಗೌಡರು ಅಡಕೆ ಅಗಿಯುವುದನ್ನು ನಿಲ್ಲಿಸಿದರು. "ಯಾಕೋ ಶಿವಪ್ಪ? ಅಳತಿ ಕಡ್ಡಿ ತಂದಾವ ನೀನ ಅಲ್ಲೇನು? ಎಲ್ಲಿ ಹೋತು ಅದು?"

"ಸುಟ್ಟೇನ್ರಿ. ಅಳತಿ ತಪ್ಪಿತ್ತು."

"ವಾರದಾಗ ಶಾಂತಕ್ಕನ ಎಣ್ಣಿಗಾಯಿ ರುಚಿ ಹತ್ತಿದಂಗ ಕಾಣ್ತೈತಿ" ಎಂದು ಹಿಂದಿನಿಂದ ಯಾರೋ ಅಂದರು. "ಬರೇ ಎಣ್ಣಿಗಾಯಿ ಏನ್ರಿ?" ಎಂದು ಇನ್ನೊಬ್ಬರು. ಕಟ್ಟೆಯೆಲ್ಲ ನಕ್ಕಿತು. ಅಣ್ಣನ ಕಿವಿ ಕೆಂಪಗಾಯಿತು. ನಾನು ಕೆಳಗೆ ಸೆರಗಿನ ತುದಿ ಹಿಡಿದು ನಿಂತಿದ್ದೆ.

"ಕಾರಣ ಬರಿಬೇಕಾಗ್ತೈತಿ ಶಿವಪ್ಪಣ್ಣ" ಅಂದರು ನಿಂಗಪ್ಪ ಮಾಸ್ತರರು.

"ಕಾರಣ ನನ್ನ ಹಂತೇಕ ಇರಲಿ. ನಿಯಮದಾಗ ತುಂಡು ಕೇಳಬಹುದು ಅಂತ ಐತಿ. ಕಾರಣ ಹೇಳಬೇಕು ಅಂತ ಇಲ್ಲ. ಬರಿಸಿದಾವ ನಾನ."

ಮತ್ತೆ ಕೊಡ ಬಂತು. ಗೆಣ್ಣಿನದು ಎರಡು, ಇಲ್ಲದ್ದು ಮೂರು. ಖಾನಾವಳಿ ಉಳಿಯಿತು. ಮಾಸ್ತರರು 'ಕಾರಣ' ಎಂದು ಬರೆದು, ಅಣ್ಣ ಎಂದಾದರೂ ಹೇಳಿಯಾನು ಎಂದು ಎರಡು ಗೆರೆ ಜಾಗ ಬಿಟ್ಟರು.

ಎಲ್ಲರನ್ನೂ ಸಂಶಯದಿಂದ ನೋಡಿದವನನ್ನು ಅಂದಿನಿಂದ ಓಣಿ ಸಂಶಯದಿಂದ ನೋಡಿತು. ಮೂಲೆಮನೆಯ ಮುಂದೆ ಅವನು ಹಾದು ಹೋದರೆ ಕಿಟಕಿಗಳು ತೆರೆಯುತ್ತಿದ್ದವು. ಮರುವರ್ಷ ಮಂಡಳಿಗೆ ಅವನನ್ನು ಕರೆಯಲಿಲ್ಲ. ಒಂದು ಸಲ ಶಾಂತಕ್ಕ ತಟ್ಟೆಯಲ್ಲಿ ರೊಟ್ಟಿ ಮುಚ್ಚಿಕೊಂಡು ಬಂದಳು. ಅಣ್ಣ ಹೊಸ್ತಿಲಲ್ಲೇ ತಡೆದ. "ಒಯ್ಯವ್ವ. ಇದನ್ನ ತಿಂದ್ರ ಅವರ ಮಾತು ಖರೇ ಆಗ್ತೈತಿ." ಅವನಿಗೆ ಶಾಂತಕ್ಕನ ರೊಟ್ಟಿ ಎಷ್ಟು ಇಷ್ಟವಿತ್ತೆಂದು ನನಗೆ ಗೊತ್ತು. ಆಮೇಲೆ ಅವನು ಅದನ್ನು ಒಂದು ದಿನವೂ ತಿನ್ನಲಿಲ್ಲ.

ನೀರಿನ ಮಾತನ್ನು ಅವನು ನನ್ನ ಹತ್ತಿರ ಮತ್ತೆ ಎತ್ತಲಿಲ್ಲ. ಪಾಳಿಗೆ ಹೊರಡುವ ಮುನ್ನ ತನ್ನ ಚಪ್ಪಲಿಯನ್ನು ಮುಂಬಾಗಿಲಿನಿಂದ ಎತ್ತಿ ಹಿತ್ತಲ ಬಾಗಿಲಲ್ಲಿ, ಬಾವಿಯ ಕಡೆ ಮುಖ ಮಾಡಿ, ಇಟ್ಟು ಹೋಗುತ್ತಿದ್ದ.

ಕೆಲವು ವರ್ಷಗಳ ಮೇಲೆ ಅವನಿಗೆ ಕಾಮಾಲೆಯಾಯಿತು. ಡಾಕ್ಟರರ ಔಷಧದ ಬಾಟಲಿಯನ್ನೂ ಬೆಳಕಿಗೆ ಹಿಡಿದು ನೋಡಿಯೇ ಕುಡಿದ. ಕೊನೆಯ ವಾರ ರುದ್ರಗೌಡರು ನೋಡಲು ಬಂದರು. ಮಾತಿಗೆ ಮಾತು ಬಂದು, "ಈಗರ ಹೇಳೋ, ಅವತ್ತ ಯಾಕ ತಿರುಗಿದಿ?" ಎಂದು ನಗುತ್ತ ಕೇಳಿದರು. ನಾನು ನೀರಿನ ತಂಬಿಗೆ ಹಿಡಿದು ಅಲ್ಲೇ ನಿಂತಿದ್ದೆ. ಅಣ್ಣ ನನ್ನ ಕಡೆ ನೋಡಿದ. ನಾನು ಹೇಳಲೆಂದು ನೋಡಿದನೋ, ಹೇಳಬೇಡವೆಂದು ನೋಡಿದನೋ, ಇಂದಿಗೂ ತಿಳಿದಿಲ್ಲ. "ಗೌಡ್ರಿಗೆ ನೀರ ಕೊಡವ್ವ" ಅಂದ. ಕೊಟ್ಟೆ. ಗೌಡರು ಕುಡಿದು ಹೋದರು. ನಾಲ್ಕನೆಯ ದಿನ ಅಣ್ಣ ಹೋದ.

ತಿಂಗಳು ಕಳೆದ ಮೇಲೆ ನಿಂಗಪ್ಪ ಮಾಸ್ತರರ ಮನೆಗೆ ಹೋಗಿ ಎಲ್ಲ ಹೇಳಿದೆ. ಅವರು ಹಳೆಯ ಪುಸ್ತಕ ತೆಗೆದು, ಆ ಪುಟ ಬಿಚ್ಚಿ, ಸಹಿಗಳ ಮೇಲೆ ಬೆರಳಾಡಿಸಿದರು. "ಐದು ಮಂದಿ ಸಹಿ ಬಿದ್ದೈತಿ ತಂಗಿ. ಅದರಾಗ ಒಬ್ಬಾವ ಈಗ ಇಲ್ಲ. ನನಗ ಏನೂ ಸೇರಸಾಕ ಬರೂದಿಲ್ಲ" ಅಂದರು.

ಪುಟದಲ್ಲಿ ಅಣ್ಣನ ಹೆಸರಿದೆ, ಅವನು ತುಂಡನ್ನು ಹಿಂದಕ್ಕೆ ತೆಗೆದುಕೊಂಡನೆಂದು ಬರೆದಿದೆ, ಕೆಳಗೆ ಅವನ ಸಹಿಯಿದೆ. ಕಾರಣದ ಮುಂದೆ ಎರಡು ಗೆರೆ ಖಾಲಿ ಇವೆ. ಅಲ್ಲಿ ನನ್ನ ಹೆಸರು ಇರಬೇಕಾಗಿತ್ತು. ಇಲ್ಲ.