ಕೆಂಪು ಬೈಕು ಬೇಡವೆಂದ ತೊಟ್ಟಿಲು ಮೇಸ್ತ್ರಿ

ಕೆಂಪೋ, ಕರಿಯೋ? ಕೆಂಪನ್ನೇ ಕೊಟ್ಟುಬಿಟ್ಟರೆ ಎಲ್ಲರೂ ಸುಮ್ಮನಾಗುತ್ತಾರೆ. ತಂಗಿ ಕೇಳಿದ್ದೂ ಅದನ್ನೇ, ತಂಗಿಯ ಮಗ ಕೊಡಿ ಎನ್ನುತ್ತಿರುವುದೂ ಅದನ್ನೇ. ಕೇಳಿದ್ದನ್ನು ಕೊಟ್ಟೆ ಎಂದರೆ ನಾಳೆ ಯಾರು ತಾನೇ ಬೆರಳು ತೋರಿಸುತ್ತಾರೆ? ಹಾಗಿದ್ದ ಮೇಲೆ ಬೋಲ್ಟ್ ಬಿಗಿಯುವ ಪಾನಾ ಹಿಡಿದ ಕೈ ಯಾಕೆ ಮುಂದೆ ಹೋಗುತ್ತಿಲ್ಲ?

ಬೆಳಗಿನ ಐದೂವರೆ. ಅರ್ಧ ಎತ್ತಿದ ಶಟರ್‌ನ ಕೆಳಗಿಂದ ಬೂದು ಬೆಳಕು ಒಳಗೆ ತೆವಳುತ್ತಿದೆ. ಬೋರಲು ಹಾಕಿದ ಮರದ ಪೆಟ್ಟಿಗೆಯ ಮೇಲೆ ಮೇಸ್ತ್ರಿ ಕೂತಿದ್ದಾರೆ. ಅವರ ಬಲಕ್ಕೆ ನಾಲ್ಕು ವರ್ಷದ ಕೆಂಪು ಬೈಕು; ಮೈತುಂಬ ಹೊಳಪು, ಹ್ಯಾಂಡಲ್ ನಡುವೆ ಪುಟ್ಟ ಡಿಜಿಟಲ್ ಪರದೆ. ಎಡಕ್ಕೆ ಮೂವತ್ತು ದಾಟಿದ ಕರಿ ಬೈಕು. ಅದರ ಟ್ಯಾಂಕಿನ ಬಣ್ಣ ತೊಡೆ ತಗುಲಿ ತಗುಲಿ ಎರಡೂ ಕಡೆ ಸವೆದಿದೆ. ಬೀದಿಯವರು ಅದನ್ನು ಎಮ್ಮೆ ಅನ್ನುತ್ತಾರೆ. ಎರಡರ ನಡುವೆ, ಯಾವುದಕ್ಕೂ ಜೋಡಿಸದೆ, ಒಂದೇ ಗಾಲಿಯ ದೋಣಿಯಂಥ ಪೆಟ್ಟಿಗೆ ನಿಂತಿದೆ. ಅದೇ ಸೈಡ್‌ಕಾರ್. ಇಲ್ಲಿನವರ ಬಾಯಲ್ಲಿ ತೊಟ್ಟಿಲು. ಅದನ್ನು ಕಟ್ಟುವವರು ತೊಟ್ಟಿಲು ಮೇಸ್ತ್ರಿ.

ಅರವತ್ತೊಂದರ ಮೇಸ್ತ್ರಿ ಮೂವತ್ತೆಂಟು ವರ್ಷಗಳಲ್ಲಿ ಕಟ್ಟಿದ್ದು ಇನ್ನೂರ ಹದಿನಾಲ್ಕು ತೊಟ್ಟಿಲು. ರೊಟ್ಟಿ ಸಾಗಿಸುವವರಿಗೆ, ನಾಯಿ ಕೂರಿಸಿಕೊಂಡು ಹೋಗುವವರಿಗೆ, ಒಮ್ಮೆ ಒಬ್ಬ ಪಿಯಾನೊ ರಿಪೇರಿಯವರಿಗೆ. ದೊಡ್ಡ ರಸ್ತೆಯ ಷೋರೂಮಿನವರು ಹತ್ತು ವರ್ಷದಿಂದ ಹೇಳುತ್ತಲೇ ಇದ್ದಾರೆ, ಈ ಕಸುಬು ಮುಗಿಯಿತು ಅಂತ. "ಮುಗಿದ ಮೇಲೆ ಹೇಳಿ ಅಂದೆ, ಬಾಗಿಲು ಹಾಕ್ಕೊಂಡು ಬರ್ತೀನಿ ಅಂದೆ," ಅನ್ನುತ್ತಾರೆ ಮೇಸ್ತ್ರಿ. "ಇನ್ನೂ ಯಾರೂ ಬಂದು ಹೇಳಿಲ್ಲ."

ಎದುರಿಗೆ ಗೋಡೆಯ ಮೇಲೆ, ಹೊರಗೆ ಹೋಗುವ ಯಾರ ಕಣ್ಣಿಗೂ ಬೀಳುವ ಹಾಗೆ, ಮೊಳದುದ್ದದ ಬಿಳಿ ಅಕ್ಷರಗಳಲ್ಲಿ ಬರೆದಿದೆ: ಚೀಲ ಇದೆಯಾ?

ಆ ಎರಡು ಪದಗಳ ಹಿಂದೆ ಏಳು ವರ್ಷದ ಹಿಂದಿನ ಒಂದು ಬೆಳಗಿದೆ. ತೊಟ್ಟಿಲು ಖಾಲಿ ಇದ್ದಾಗ ಅದರೊಳಗೆ ಮರಳು ಚೀಲ ಇಡಬೇಕು. ಇಲ್ಲದಿದ್ದರೆ ತೊಟ್ಟಿಲಿನ ಕಡೆಗೆ ತಿರುಗುವಾಗ ಅದರ ಗಾಲಿ ನೆಲ ಬಿಡುತ್ತದೆ, ಗಾಡಿ ಹೇಳಿದ ಮಾತು ಕೇಳದೆ ಎದುರು ಬದಿಗೆ ನುಗ್ಗುತ್ತದೆ. ಕಟ್ಟಿದ ಪ್ರತಿಯೊಂದು ಗಾಡಿಯನ್ನೂ ಮೊದಲು ಓಡಿಸಿ ನೋಡುತ್ತಿದ್ದವಳು ತಂಗಿ. ಇಪ್ಪತ್ತು ವರ್ಷ ಅದೇ ಕೆಲಸ. ಅಂದು ಕಾಲೂರುವ ಹಲಗೆಗೆ ವೆಲ್ಡಿಂಗ್ ಮಾಡಲೆಂದು ಮೇಸ್ತ್ರಿ ಚೀಲ ಕೆಳಗಿಳಿಸಿದ್ದರು. ಮರಳಿ ಇಡಲು ಮರೆತರು. ತಂಗಿ ಎಡಕ್ಕೆ ತಿರುಗಿದಳು, ಗಾಡಿ ಬಲಗಡೆಯ ಗೋಡೆಗೆ ಹೋಯಿತು. ಬಲ ಮೊಣಕಾಲು ಗಾಡಿಗೂ ಗೋಡೆಗೂ ನಡುವೆ ಸಿಕ್ಕಿತು.

"ಇಳಿಸಿದ್ದೂ ನಾನೇ, ಮರೆತಿದ್ದೂ ನಾನೇ," ಎಂದು ಕೇಳಿದವರಿಗೆಲ್ಲ ಮೇಸ್ತ್ರಿ ಹೇಳುತ್ತಾರೆ. ದನಿ ಏರುವುದಿಲ್ಲ, ಇಳಿಯುವುದೂ ಇಲ್ಲ. ಆಮೇಲೆ ಅರ ಎತ್ತಿಕೊಂಡು ಕಬ್ಬಿಣ ಉಜ್ಜತೊಡಗುತ್ತಾರೆ.

ಮೂರು ಶಸ್ತ್ರಚಿಕಿತ್ಸೆಗಳ ನಂತರ ವೈದ್ಯರು ಕಾಲಿಗೆ ನೀರು ಒಳ್ಳೆಯದು ಎಂದರು. ಈಜುಕೊಳ ಅಂದುಕೊಂಡು ಹೇಳಿದ್ದಿರಬೇಕು. ತಂಗಿ ಕೊಳದಿಂದ ಶುರು ಮಾಡಿ ಕಡಲಿಗೆ ಹೋದಳು. ರಜೆ ಸಿಕ್ಕಾಗಲೆಲ್ಲ ಬಸ್ಸು ಹತ್ತಿ, ಒಂಬತ್ತಡಿಯ ಸರ್ಫ್ ಹಲಗೆಯ ಮೇಲೆ ಬೋರಲು ಮಲಗಿ ಅಲೆ ಏರುವುದನ್ನು ಕಲಿತಳು. ನಿಲ್ಲಲು ಆಗುವುದಿಲ್ಲ. "ನಿಂತರೇನೇ ಸರ್ಫಿಂಗು ಅಂತ ಅಲೆ ಯಾವತ್ತೂ ಹೇಳಿಲ್ಲ," ಎನ್ನುವುದು ಅವಳ ವಾದ. ಈಗ ಅವಳಿಗೆ ಐವತ್ತನಾಲ್ಕು. ಹೊರಟಿರುವುದು ಹನ್ನೊಂದು ಸಾವಿರ ಕಿಲೋಮೀಟರ್ ದೂರದ ಇನ್ನೊಂದು ಕಡಲಿಗೆ. ನಾಲ್ಕು ಗಡಿ, ಎರಡು ಪರ್ವತಸಾಲು, ದಾರಿಯುದ್ದಕ್ಕೂ ಸಿಗುವ ತೀರಗಳಲ್ಲಿ ಅಲೆ. ಎರಡು ಗಾಲಿಯ ಬೈಕನ್ನು ಆ ಕಾಲಿನಿಂದ ನಿಲ್ಲಿಸಿ ಹಿಡಿಯಲು ಆಗದು. ಮೂರು ಗಾಲಿಯದು ತಾನಾಗಿಯೇ ನಿಲ್ಲುತ್ತದೆ.

ಸುದ್ದಿ ಹಬ್ಬಿದಂದಿನಿಂದ ಕಾರ್ಖಾನೆಗೆ ಬಂದವರೆಲ್ಲ ಬುದ್ಧಿ ಹೇಳಿ ಹೋಗುತ್ತಿದ್ದಾರೆ. ಪಕ್ಕದ ಬಣ್ಣದಂಗಡಿಯವರು ಚಹಾ ಹಿಡಿದು ನಿಂತು, "ಈ ವಯಸ್ಸಲ್ಲಿ ಬೇಕಿತ್ತಾ ಇದೆಲ್ಲ?" ಅಂದರು. ಮೇಸ್ತ್ರಿ ಎಮ್ಮೆಯ ಕಡೆ ಗದ್ದ ತೋರಿಸಿ, "ವಯಸ್ಸು ಅದಕ್ಕೂ ಆಗಿದೆ. ಓಡ್ತಾ ಇಲ್ವಾ?" ಅಂದರು.

ತಂಗಿಯ ಮಗ ಮಾತ್ರ ಹಾಗೆ ತಳ್ಳಿಹಾಕಬಹುದಾದ ಆಸಾಮಿಯಲ್ಲ. ಶಾಲೆಯಲ್ಲಿ ಗಣಿತ ಕಲಿಸುವವನು, ಅಳೆದು ತೂಗಿ ಮಾತಾಡುವವನು. ನಿನ್ನೆ ಸಂಜೆ ಇದೇ ಪೆಟ್ಟಿಗೆಯ ಮೇಲೆ ಕೂತು ಹೇಳಿದ: "ಮಾವ, ಅಮ್ಮ ಇನ್ಯಾರ ಮಾತೂ ಕೇಳಲ್ಲ. ನೀವೊಬ್ರು ಹೋಗಬೇಡ ಅಂದ್ರೆ ನಿಲ್ತಾಳೆ. ಅದನ್ನ ಹೇಳೋಕೆ ಆಗಲ್ಲ ಅಂದ್ರೆ ಬೇಡ. ಕೆಂಪು ಬೈಕು ಕೊಟ್ಟುಬಿಡಿ. ಮೊದಲ ಬೆಟ್ಟದಲ್ಲೇ ಅದು ಕೂತ್ಕೊಳ್ಳುತ್ತೆ ಅಂತ ನೀವೇ ಹೇಳಿದ್ರಲ್ಲ. ಇಲ್ಲಿಂದ ಬರೀ ಎಂಟುನೂರು ಕಿಲೋಮೀಟರು. ನಾನೇ ಹೋಗಿ ಕರ್ಕೊಂಡು ಬರ್ತೀನಿ."

ಅವನು ಕೆಟ್ಟದ್ದೇನೂ ಕೇಳುತ್ತಿಲ್ಲ. ಅದೇ ಮೇಸ್ತ್ರಿಯನ್ನು ಹಿಂಡುತ್ತಿರುವುದು. ಹುಡುಕಿ ಹುಡುಕಿ ಸುಳ್ಳು ಹೇಳಬೇಕಾಗಿಯೂ ಇಲ್ಲ, ಸುಮ್ಮನೆ ಇದ್ದುಬಿಟ್ಟರೆ ಸಾಕು. ತಂಗಿ ಸುರಕ್ಷಿತವಾಗಿ ವಾಪಸ್ಸು ಬರುತ್ತಾಳೆ. ಆ ಗೋಡೆಯ ಅಕ್ಷರಗಳ ಪಕ್ಕಕ್ಕೆ ಇನ್ನೊಂದು ಸಾಲು ಬರೆಯುವ ಪ್ರಸಂಗ ಬರುವುದಿಲ್ಲ.

ಆರು ಗಂಟೆಗೆ ಊರುಗೋಲಿನ ಸದ್ದು. ತಂಗಿ ಶಟರ್ ಕೆಳಗೆ ಬಗ್ಗಿ ಒಳಗೆ ಬರುತ್ತಾಳೆ.

"ಇನ್ನೂ ಜೋಡಿಸಿಲ್ವಾ? ತೊಟ್ಟಿಲು ಮೇಸ್ತ್ರಿ ಅನ್ನೋ ಹೆಸರನ್ನ ಜೋಗುಳ ಮೇಸ್ತ್ರಿ ಅಂತ ಬದಲಾಯಿಸಬೇಕು. ನಿದ್ದೆಗಣ್ಣಲ್ಲೇ ಇದ್ದೀಯ."

"ಕೆಂಪು ಬೇಡ ಕಣೇ."

"ಯಾಕೆ? ಹಗುರ ಇದೆ, ಓಡುತ್ತೆ, ಗುಂಡಿ ಒತ್ತಿದರೆ ಸ್ಟಾರ್ಟ್ ಆಗುತ್ತೆ. ನಿನ್ನ ಎಮ್ಮೆ ಮೇಲೆ ಹೋದ್ರೆ ನಾನು ತಲುಪೋ ಹೊತ್ತಿಗೆ ಕಡಲು ಬತ್ತಿರುತ್ತೆ."

"ಬಾಯಲ್ಲಿ ಹೇಳಿದ್ರೆ ನಿನಗೆ ಹತ್ತಲ್ಲ," ಎಂದು ಮೇಸ್ತ್ರಿ ಏಳುತ್ತಾರೆ. ಕೆಂಪಿಗೆ ತೊಟ್ಟಿಲು ಜೋಡಿಸುತ್ತಾರೆ. ಅದರೊಳಗೆ ಹನ್ನೊಂದು ಕಿಲೋದ ಹತ್ತು ಮರಳು ಚೀಲ, ದಾರಿಯ ಸಾಮಾನಿನ ತೂಕಕ್ಕೆ ಬದಲಾಗಿ: ಡೇರೆ, ನೀರು, ಇಂಧನ, ಪಾನಾಗಳು, ಬಟ್ಟೆ, ಒದ್ದೆಯಾದ ಬಟ್ಟೆ. ಒದ್ದೆಯ ತೂಕವನ್ನು ಯಾರೂ ಲೆಕ್ಕ ಹಿಡಿಯುವುದಿಲ್ಲ, ಮೇಸ್ತ್ರಿ ಹಿಡಿಯುತ್ತಾರೆ. ಮೇಲೆ, ಸರ್ಫ್ ಹಲಗೆಯದೇ ಅಳತೆಗೆ ಕೊಯ್ದ ಒಂಬತ್ತಡಿಯ ತೆಳು ಮರದ ಹಲಗೆ. ಅದರ ಮೂತಿ ಎರಡು ಬೆರಳು ಕೆಳಗೆ ಬಾಗಿರಬೇಕು. ಹಿಂದಿನ ವಾರ ಪರೀಕ್ಷೆಗೆಂದು ಮೂತಿ ಮೇಲೆತ್ತಿ ಕಟ್ಟಿದಾಗ ಗಾಳಿ ಒಳಹೊಕ್ಕು, ವೇಗ ಅರವತ್ತು ಮುಟ್ಟುತ್ತಲೇ ತೊಟ್ಟಿಲು ಹಗುರಾಗತೊಡಗಿತ್ತು.

ನೀರಿನ ಟ್ಯಾಂಕಿನ ಹಿಂದಿನ ಏರು ರಸ್ತೆ ಈ ಕಾರ್ಖಾನೆಯ ಪರೀಕ್ಷಾ ಕೊಠಡಿ. ತಂಗಿ ಓಡಿಸುತ್ತಾಳೆ, ಮೇಸ್ತ್ರಿ ಹಿಂದೆ ಕೂರುತ್ತಾರೆ. ಒಂದು ಸಲ, ಎರಡು ಸಲ, ಮೂರು ಸಲ. ಪ್ರತಿ ಸಲವೂ ನಡುಏರಿನಲ್ಲಿ ನಿಲ್ಲಿಸಿ ಮತ್ತೆ ಎತ್ತಬೇಕು. ನಾಲ್ಕನೆಯ ಸಲ ಎಂಜಿನ್ ಅರಚುತ್ತದೆ, ಗಾಡಿ ಮಾತ್ರ ಆಮೆಯಂತೆ ತೆವಳುತ್ತದೆ. ಸುಟ್ಟ ವಾಸನೆ.

"ಮೂಗಿಗೆ ಬಂತಾ?" ಮೇಸ್ತ್ರಿ ಕೇಳುತ್ತಾರೆ. "ಕ್ಲಚ್ಚು. ಇದನ್ನ ಒಬ್ಬನೇ ಮನುಷ್ಯನನ್ನ ಹೊರೋಕೆ ಮಾಡಿರೋದು. ಬೆಟ್ಟ ಇನ್ನೂ ಬಂದಿಲ್ಲ, ಇದು ನಮ್ಮ ನೀರಿನ ಟ್ಯಾಂಕು ಅಷ್ಟೇ. ಕೆಟ್ಟು ನಿಂತರೆ ಕಂಪ್ಯೂಟರ್ ಹಚ್ಚಿ ನೋಡೋರು ಬೇಕು. ಎಮ್ಮೆ ನಿಂತರೆ ಸುತ್ತಿಗೆ ಇರೋ ಯಾವನಾದ್ರೂ ಸಾಕು. ಅದರ ಮೈಯೆಲ್ಲ ಉಕ್ಕು, ಎಲ್ಲಿ ಮುರಿದರೂ ವೆಲ್ಡಿಂಗ್ ಹಿಡಿಯುತ್ತೆ. ಗಾಲಿ ತಿರುಗಿಸೋದು ಉಕ್ಕಿನ ದಂಡ, ಕಡಿದು ಬೀಳೋಕೆ ಚೈನೂ ಇಲ್ಲ."

ತಂಗಿ ಗಾಡಿಯನ್ನು ಹಿಂದಕ್ಕೆ ತಿರುಗಿಸುತ್ತಾಳೆ. ಕಾರ್ಖಾನೆಗೆ ಮರಳಿ ಚೀಲಗಳನ್ನು ಇಳಿಸಿದ ಮೇಲೂ ಮುಖ ಗಡುಸಾಗಿಯೇ ಇದೆ. ಪಟ್ಟಿಗಳನ್ನು ಎಲ್ಲಿ ಬಿಗಿಯಬೇಕು ನೋಡುತ್ತೇನೆಂದು ತೊಟ್ಟಿಲೊಳಗೆ ಇಳಿದು, ಉದ್ದಕ್ಕೆ ಕಾಲು ಚಾಚಿ ಮಲಗುತ್ತಾಳೆ. ಮೇಲಿನ ಹಲಗೆ ಅವಳನ್ನು ಪೂರ್ತಿ ಮುಚ್ಚುತ್ತದೆ.

ಅದೇ ಹೊತ್ತಿಗೆ, ಶಾಲೆಗೆ ಹೊರಟ ಮಗ ಬಾಗಿಲಲ್ಲಿ ಇಣುಕುತ್ತಾನೆ. ಕೆಂಪಿಗೆ ಜೋಡಿಸಿದ ತೊಟ್ಟಿಲು ನೋಡಿ ಅವನ ಮುಖ ಅರಳುತ್ತದೆ.

"ದೊಡ್ಡ ಉಪಕಾರ ಆಯ್ತು ಮಾವ. ಕೆಂಪನ್ನೇ ಕೊಡ್ತಿದ್ದೀರ. ವಾರದೊಳಗೆ ಬೆಟ್ಟದಲ್ಲಿ ಕೆಟ್ಟು ನಿಲ್ಲುತ್ತೆ, ಅಮ್ಮ ಫೋನ್ ಮಾಡ್ತಾಳೆ, ನಾನು ಲಾರಿ ತಗೊಂಡು ಹೋಗ್ತೀನಿ. ಅವಳಿಗೆ ಗೊತ್ತಾಗೋದೇ ಬೇಡ."

ಹಲಗೆಯ ಕೆಳಗಿಂದ ಒಂದು ಕೈ ಹೊರಗೆ ಬರುತ್ತದೆ.

"ನಿಂದು ಮುಗೀತಾ? ಹಾಗಿದ್ರೆ ಅಲ್ಲಿರೋ ಹದಿಮೂರರ ಪಾನಾ ಕೊಡು."

ಮಗ ಪಾನಾ ಕೊಡುತ್ತಾನೆ. ತಂಗಿ ಹಲಗೆಯ ಅಂಚು ಹಿಡಿದು ಎದ್ದು ಕೂರುತ್ತಾಳೆ, ಕೂದಲಲ್ಲಿ ಮರದ ಹೊಟ್ಟು.

"ಭಯ ಆದ್ರೆ ಭಯ ಅಂತ ಹೇಳಪ್ಪ. ನನಗೂ ಇದೆ. ಅದಕ್ಕೆ ಗಾಡಿ ಕೆಡಿಸ್ತಾರಾ?"

"ಕೆಡಿಸಿ ಅಂತ ಅಂದಿಲ್ಲಮ್ಮ. ಕೆಡೋದನ್ನ ಕೊಡಿ ಅಂದೆ."

"ಗಣಿತದ ಮೇಷ್ಟ್ರು," ಎಂದು ಅವಳು ಅಣ್ಣನ ಕಡೆ ತಿರುಗುತ್ತಾಳೆ. "ನೀನು ಅವನಿಗೆ ಏನಂದೆ?"

ಮೇಸ್ತ್ರಿ ಬೋಲ್ಟ್ ಬಿಚ್ಚುತ್ತಲೇ ಇದ್ದಾರೆ. "ಏನೂ ಅನ್ನಲಿಲ್ಲ. ರಾತ್ರಿಯಿಡೀ ಯೋಚನೆ ಮಾಡಿದೆ," ಅನ್ನುತ್ತಾರೆ. ಬಿಚ್ಚಿದ ಬೋಲ್ಟನ್ನು ಕೆಳಗಿಟ್ಟು, "ಒಂದು ಸಲ ಗೊತ್ತಿಲ್ಲದೆ ನಿನ್ನ ಕೆಡವಿದ್ದೀನಿ. ಗೊತ್ತಿದ್ದೂ ಕೆಡವಲ್ಲ," ಅನ್ನುತ್ತಾರೆ. ಮಗನ ಕಡೆ ನೋಡಿ, "ನಾನು ಮಾಡಿದ ಗಾಡಿ ಹೋಗಬೇಕಾದ ಕಡೆ ತಲುಪಬೇಕು. ಅದರಲ್ಲಿ ನನ್ನ ತಂಗಿ ಕೂತರೂ ಅಷ್ಟೇ, ರೊಟ್ಟಿ ಕೂತರೂ ಅಷ್ಟೇ. ನಿಲ್ಲಿಸಬೇಕಾ, ದಾರಿಗೆ ಅಡ್ಡ ಮಲಗು. ನನ್ನ ಕೆಲಸಾನ ಅಡ್ಡ ಮಲಗಿಸಬೇಡ."

ಮಗ ಅಡ್ಡ ಮಲಗುವುದಿಲ್ಲ. ಕೈಗಡಿಯಾರ ನೋಡಿಕೊಳ್ಳುತ್ತಾನೆ, ಶಾಲೆಯ ಮೊದಲ ಗಂಟೆ ಹೊಡೆದಾಗಿದೆ. ಆದರೂ ಹೋಗದೆ ತೊಟ್ಟಿಲಿನ ಇನ್ನೊಂದು ತುದಿ ಹಿಡಿಯುತ್ತಾನೆ. ಮೂವರೂ ಸೇರಿ ಅದನ್ನು ಎಮ್ಮೆಯ ಪಕ್ಕಕ್ಕೆ ಸರಿಸುತ್ತಾರೆ.

ಆ ದಿನವೂ ಮರುದಿನವೂ ಅಳತೆಯದೇ ಕೆಲಸ. ಬೈಕಿನ ಎರಡೂ ಗಾಲಿಗಳ ಉದ್ದಕ್ಕೆ ದಾರ ಎಳೆದು, ತೊಟ್ಟಿಲಿನ ಗಾಲಿಯ ಮುಂಭಾಗ ಬೈಕಿನ ಕಡೆಗೆ ಹೆಬ್ಬೆರಳಿನಷ್ಟು ತಿರುಗಿದೆಯೇ ಎಂದು ಮೇಸ್ತ್ರಿ ನೆಲಕ್ಕೆ ಕೆನ್ನೆ ಹಚ್ಚಿ ನೋಡುತ್ತಾರೆ. ಹ್ಯಾಂಡಲ್‌ನಿಂದ ತೂಗುಗುಂಡು ಇಳಿಬಿಟ್ಟು ಬೈಕು ಎಷ್ಟು ಹೊರಗೆ ವಾಲಿದೆ ಎಂದು ಅಳೆಯುತ್ತಾರೆ. ಬಲಗಾಲಿನ ಬ್ರೇಕನ್ನು ಕೈಗೆ ತಂದಿದ್ದಾರೆ. ನಲವತ್ತೆಂಟು ಬೋಲ್ಟು. ಬೆಳಗ್ಗೆ ಬಿಗಿಯುವುದು, ಏರು ರಸ್ತೆಗೆ ಹತ್ತು ಸಲ ಹೋಗಿ ಬರುವುದು, ಮತ್ತೆ ಬಿಗಿಯುವುದು.

ಒಂದು ಕಡೆ ಮಾತ್ರ ಅವರ ಕೈ ತಡವರಿಸುತ್ತದೆ. ರಸ್ತೆ ಅಂಚಿನ ಕಡೆಗೆ ಇಳಿಜಾರಾಗಿರುತ್ತದೆ, ಮಳೆನೀರು ಹರಿದುಹೋಗಲಿ ಅಂತ. ಆ ಇಳಿಜಾರು ಗಾಡಿಯನ್ನು ತೊಟ್ಟಿಲಿನ ಕಡೆಗೆ ಎಳೆಯದಿರಲೆಂದು ಬೈಕನ್ನು ಹೊರಗೆ ವಾಲಿಸುವುದು. ಇನ್ನೂರ ಹದಿನಾಲ್ಕಕ್ಕೂ ಹಾಗೇ ಮಾಡಿದ್ದಾರೆ. ಆದರೆ ಎರಡನೇ ಗಡಿ ದಾಟಿದ ಮೇಲೆ ವಾಹನಗಳು ರಸ್ತೆಯ ಬಲಕ್ಕೆ ಓಡುತ್ತವೆ. ಇಳಿಜಾರೂ ತಿರುಗುಮುರುಗು. ಇವರು ಕಟ್ಟಿದ ಯಾವ ಗಾಡಿಯೂ ಅಷ್ಟು ದೂರ ಹೋಗಿಲ್ಲ. ಮೂವತ್ತೆಂಟು ವರ್ಷದ ಅಭ್ಯಾಸ ಅಲ್ಲಿಂದಾಚೆಗೆ ತಪ್ಪೇ ಆಗುತ್ತದೆ.

ಮಧ್ಯಾಹ್ನವೆಲ್ಲ ಕೂತು ಬೈಕನ್ನೂ ತೊಟ್ಟಿಲನ್ನೂ ಜೋಡಿಸುವ, ವಾಲುವಿಕೆ ಬದಲಿಸುವ ಮೇಲಿನ ಎರಡು ಕಂಬಿಗಳ ತಿರುಪಿಗೆ ಬಣ್ಣ ಹಚ್ಚುತ್ತಾರೆ. ಬಿಳಿ ಗೆರೆ ಈ ಕಡೆಯ ರಸ್ತೆಗೆ, ಹಳದಿ ಆ ಕಡೆಯದಕ್ಕೆ.

"ಎರಡನೇ ಗಡಿಯಲ್ಲಿ ಇಳಿ. ಮೂರು ಸುತ್ತು ಒಳಗೆ ತಿರುಗಿಸು, ಹಳದಿಗೆ ತಾಗಬೇಕು. ಹೇಳು."

"ಮೂರು ಸುತ್ತು, ಹಳದಿ."

"ಇನ್ನೊಂದು ಸಲ."

"ಅಣ್ಣ, ನಾನು ನಿನ್ನ ಗಾಡಿಗಳನ್ನ ಓಡಿಸ್ತಾ ಇದ್ದಾಗ ನಿನ್ನ ತಲೇಲಿ ಕೂದಲಿತ್ತು. ಮೂರು ಸುತ್ತು, ಹಳದಿ."

ಮೂರನೆಯ ಬೆಳಗ್ಗೆ ಎಮ್ಮೆ ಬೀದಿಯಲ್ಲಿ ನಿಂತಿದೆ. ಮರದ ಹಲಗೆಯ ಜಾಗದಲ್ಲಿ ಈಗ ನಿಜವಾದ ಸರ್ಫ್ ಹಲಗೆ, ಮೂತಿ ಎರಡು ಬೆರಳು ಕೆಳಗೆ. ಬಣ್ಣದಂಗಡಿಯವರು ಬಂದಿದ್ದಾರೆ. ಮಗ ಬಂದಿದ್ದಾನೆ, ಒಂದು ಹಾಳೆಯಲ್ಲಿ ದಿನಕ್ಕೆಷ್ಟು ಕಿಲೋಮೀಟರ್ ಎಂದು ಬರೆದು ತಂದಿದ್ದಾನೆ. ತಂಗಿ ಅದನ್ನು ಮಡಚಿ ಎದೆಜೇಬಿಗೆ ಹಾಕಿಕೊಂಡಿದ್ದಾಳೆ. ಎಲ್ಲರ ಕಣ್ಣೂ ಮೇಸ್ತ್ರಿಯ ಬಾಯಿಯ ಮೇಲಿದೆ.

ಮೇಸ್ತ್ರಿ ಒಳಗೆ ಹೋಗಿ ಒಂದು ಖಾಲಿ ಚೀಲ ತರುತ್ತಾರೆ. ಕೊಡವುತ್ತಾರೆ, ನಾಲ್ಕು ಮಡಿಕೆ ಮಾಡಿ ತೊಟ್ಟಿಲಿನ ಮೂಲೆಗೆ ಒತ್ತುತ್ತಾರೆ.

"ಹಲಗೆಗಿಲಗೆ ಯಾರಿಗಾದ್ರೂ ಕೊಟ್ಟು ಹಗುರಾಗಿ ವಾಪಸ್ ಬರ್ತೀಯ, ನಿನ್ನ ಬುದ್ಧಿ ಗೊತ್ತು. ಆಗ ಖಾಲಿ ಓಡಿಸಬೇಡ. ಅಲ್ಲಿಯ ಮರಳನ್ನ ಇದಕ್ಕೆ ತುಂಬ್ಕೊಂಡು ಬಾ. ಬಾಯಿ ಕಟ್ಟಿರಬೇಕು. ಇಲ್ಲಿ ಬಿಚ್ಚಿ ನೋಡ್ತೀನಿ, ಎಂಥ ಮರಳು ಅಂತ."

"ಇಷ್ಟೇನಾ?"

"ಇನ್ನೇನು?"

ದಾರಿಯಲ್ಲಿ ಕಿಕ್ಕನ್ನು ಅವಳೇ ಎಡಗಾಲಿನಲ್ಲಿ ಹೊಡೆಯಬೇಕು, ಇವತ್ತು ಮಾತ್ರ ಮಗ ಹೊಡೆಯುತ್ತಾನೆ. ಎಮ್ಮೆ ಎರಡು ಸಲ ಕೆಮ್ಮಿ ಮೂರನೆಯದಕ್ಕೆ ಗುಡುಗುತ್ತದೆ. ಬೀದಿಯ ತುದಿಯಲ್ಲಿ ಎಡ ತಿರುವು ಇದೆ. ಏಳು ವರ್ಷದ ಹಿಂದಿನ ಗೋಡೆ ಇರುವುದೂ ಅಲ್ಲೇ. ತೊಟ್ಟಿಲಿನ ಗಾಲಿ ನೆಲವನ್ನು ಕೂದಲೆಳೆಯಷ್ಟೂ ಬಿಡದೆ ತಿರುಗಿ ಹೋಗುವವರೆಗೆ ಮೇಸ್ತ್ರಿ ಬಗ್ಗಿ ನೋಡುತ್ತಾರೆ. ನಂತರ ಸೊಂಟ ಹಿಡಿದುಕೊಂಡು ನೆಟ್ಟಗಾಗಿ, ಇನ್ನೂರ ಹದಿನೈದು ಎಂದು ತಮ್ಮಷ್ಟಕ್ಕೆ ಹೇಳಿಕೊಂಡು ಒಳಗೆ ಹೋಗುತ್ತಾರೆ.

ಈ ಮೂರು ದಿನಗಳಲ್ಲಿ ಅವರು ತಂಗಿಯ ಜೊತೆ ಬೋಲ್ಟು, ಬ್ರೇಕು, ಇಳಿಜಾರು, ಗಾಳಿ, ಮರಳು ಎಲ್ಲದರ ಬಗ್ಗೆಯೂ ಮಾತಾಡಿದರು. ಹೋಗಬೇಡ ಎಂದು ಒಮ್ಮೆಯೂ ಹೇಳಲಿಲ್ಲ.