ಮಳೆ ಸಂಧಿಗೆ ಬೆರೆತ ಚಿಕೋರಿ

ಕಾಫಿ ಲೋಟ ಕೈಗೆ ಬಂದೊಡನೆ ಕುಡಿಯುವುದು ಸಜ್ಜನರ ಲಕ್ಷಣ. ನಾನು ಮೊದಲು ಮೂಸುತ್ತೇನೆ. ಚಿಕೋರಿ ಬೆರೆತಿದೆಯೇ, ಬೆರೆತಿದ್ದರೆ ಎಷ್ಟು, ಬೆರೆಸಿದ್ದು ಅಂಗಡಿಯವರೋ ಮನೆಯವರೋ ಎಂಬ ವಿಚಾರಣೆ ಮುಗಿಯುವಷ್ಟರಲ್ಲಿ ಕಾಫಿ ಆರಿಹೋಗಿರುತ್ತದೆ. "ವಿಷ ಹಾಕಿಲ್ಲ, ಕುಡೀರಿ" ಎಂದು ನನ್ನ ಹೆಂಡತಿ ಸರೋಜ ದಿನವೂ ಭರವಸೆ ಕೊಡುತ್ತಾಳೆ. ದಿನವೂ ಕೊಡಬೇಕಾಗಿ ಬರುವ ಭರವಸೆಯನ್ನು ನಂಬುವುದು ಹೇಗೆ, ನೀವೇ ಹೇಳಿ.

ತಪ್ಪು ನನ್ನದಲ್ಲ, ಕಸುಬಿನದು. ಆಲೂರಿನ ಕಾಲೇಜಿನಲ್ಲಿ ಹಳಗನ್ನಡ ಪಾಠ ಹೇಳುತ್ತ, ಬಿಡುವಿನಲ್ಲಿ ಊರೂರು ಅಲೆದು ಓಲೆಗರಿಯ ಕಟ್ಟುಗಳನ್ನು ಹುಡುಕಿ, ಹಳೆಯ ಕಾವ್ಯಗಳನ್ನು ಶುದ್ಧಗೊಳಿಸಿ ಅಚ್ಚಿಗೆ ಕೊಡುವುದರಲ್ಲೇ ನನ್ನ ಆಯುಷ್ಯ ಸವೆಯಿತು. ಮೂಲ ಕವಿ ಬರೆಯದ ಪದ್ಯವನ್ನು ಪ್ರತಿ ಮಾಡಿದ ಯಾವನೋ ನಡುವೆ ತೂರಿಸಿದರೆ ಅದಕ್ಕೆ ಪ್ರಕ್ಷಿಪ್ತ ಎನ್ನುತ್ತೇವೆ. ಅದನ್ನು ಕತ್ತು ಹಿಡಿದು ಹೊರಗೆ ದಬ್ಬುವುದೇ ನಮ್ಮ ಪರಮ ಪುರುಷಾರ್ಥ. "ಪದ್ಯ ಕಿವಿಗೆ ಹಿತವಾಯಿತೋ, ಮೊದಲು ಸಂಶಯಪಡು" ಎಂದು ಮೈಸೂರಿನಲ್ಲಿ ನನ್ನ ಗುರುಗಳು ಉಪದೇಶಿಸಿದ್ದರು. ಆ ಉಪದೇಶವನ್ನು ಪದ್ಯಕ್ಕಷ್ಟೇ ಮೀಸಲಿಡದೆ, ಹೆಣ್ಣು ನೋಡಲು ಹೋದಲ್ಲಿ ಉಪ್ಪಿಟ್ಟಿನ ಕರ್ತೃತ್ವವನ್ನೂ ನಾನು ಪ್ರಶ್ನಿಸಿದ್ದೆ. ಅದನ್ನು ಮಾಡಿದ್ದು ಸರೋಜಳಲ್ಲ, ಅವಳ ಚಿಕ್ಕಮ್ಮ ಎಂಬುದು ಮದುವೆಯಾದ ಮೇಲೆ ರುಜುವಾತಾಯಿತು. ಉಪ್ಪಿಟ್ಟು ಕೈತಪ್ಪಿದ ದುಃಖಕ್ಕಿಂತ ಸಂಶಯ ನಿಜವಾದ ಸಂತೋಷವೇ ನನಗೆ ದೊಡ್ಡದಾಗಿತ್ತು.

ಇಂಥ ನನ್ನನ್ನೂ ಮೀರಿಸಿದ ಸಂಶಯಾತ್ಮರೊಬ್ಬರು ಹೆತ್ತೂರಿನ ಕಡೆ ಇದ್ದರು. ತೊಂಬತ್ತರ ದಶಕದ ನಡುವಿನ ಮಾತು. ಕಾಫಿಗೆ ಎಂದೂ ಕಾಣದ ಬೆಲೆ ಬಂದು, ಗುಡ್ಡದ ದಾರಿಗಳಲ್ಲೆಲ್ಲ ಹೊಸ ಜೀಪುಗಳು ಏದುಸಿರು ಬಿಡುತ್ತಿದ್ದ ಕಾಲ. ಬಯಲುಸೀಮೆಯ ಅನಾಮಧೇಯ ಕವಿಯೊಬ್ಬನ ಕಾವ್ಯವನ್ನು ನಾನು ವರ್ಷಗಳಿಂದ ಸಂಪಾದಿಸುತ್ತಿದ್ದೆ. ನನ್ನ ಬಳಿ ಇದ್ದ ಪ್ರತಿಯಲ್ಲಿ ಮಳೆಯನ್ನು ವರ್ಣಿಸುವ ಅಧ್ಯಾಯವನ್ನು, ಅಂದರೆ ಮಳೆ ಸಂಧಿಯನ್ನು, ಗೆದ್ದಲು ಪೂರ್ತಿಯಾಗಿ ಆಸ್ವಾದಿಸಿಬಿಟ್ಟಿತ್ತು. ಆ ಸಂಧಿಯಿಲ್ಲದೆ ಪುಸ್ತಕವಿಲ್ಲ. ಪುಸ್ತಕವಿಲ್ಲದೆ ನಿವೃತ್ತನಾದರೆ ನನ್ನ ಬದುಕಿಗೆ ಅರ್ಥವಿಲ್ಲ ಎಂದು ನಾನು ನಿಜವಾಗಿಯೂ ನಂಬಿದ್ದೆ. ಹೆತ್ತೂರಿನಾಚೆಯ ದೇವಮ್ಮನವರ ಎಸ್ಟೇಟ್ ಮನೆಯಲ್ಲಿ ಇಡೀ ಕಟ್ಟು ಇದೆಯೆಂದು ತಿಳಿದಾಗ, ಅದು ಕಾಫಿ ಕೊಯ್ಲಿನ ಜನವರಿಯೆಂಬುದನ್ನೂ ಯೋಚಿಸದೆ ಬಸ್ಸು ಹತ್ತಿದೆ.

ದೇವಮ್ಮನವರು ಮನೆಯ ಹಿರಿಯರು. ಓಲೆಗರಿ ಕೇಳಿಕೊಂಡು ಬಂದವನು ತೆರಿಗೆಯವನೋ, ನಿಧಿ ಅಗೆಯುವವನೋ ಎಂದು ನನ್ನನ್ನು ಮೇಲಿನಿಂದ ಕೆಳಗೆ ಅಳೆದರು. ಹಿಂದೊಮ್ಮೆ ಯಾವನೋ ಪಂಡಿತ ಓದಿ ಕೊಡುತ್ತೇನೆಂದು ಒಂದು ಕಟ್ಟು ಒಯ್ದವನ ಪತ್ತೆಯೇ ಇರಲಿಲ್ಲವಂತೆ. ನನ್ನ ಚೀಲವನ್ನು ಹೊರಗಿರಿಸಿ, ನನ್ನನ್ನು ಜಗಲಿಯಲ್ಲಿ ಕೂರಿಸಿ, ಪೆಟ್ಟಿಗೆ ತೆರೆದು ಕಟ್ಟನ್ನು ಕೊಟ್ಟರು. ಗರಿಗಳನ್ನು ತಿರುವುತ್ತ ಹೋದೆ. ಮಳೆ ಸಂಧಿ ಬರಬೇಕಾದಲ್ಲಿ ಗರಿಗಳೇ ಇರಲಿಲ್ಲ! ಯಾರೋ ಮುಂಚೆಯೇ ಎಗರಿಸಿದ್ದಾರೆ, ಇಲ್ಲವೇ ಮುದುಕಿ ಮಾರಿಕೊಂಡಿದ್ದಾರೆ ಎಂದು ನನ್ನ ರಕ್ತ ಕುದಿಯಿತು. ಅವರೋ ನನ್ನ ಕೈಯನ್ನೊಮ್ಮೆ, ಆಕಾಶವನ್ನೊಮ್ಮೆ ನೋಡುತ್ತಿದ್ದರು.

ಅವರ ಮಗ ಉದಯಣ್ಣ ಗುಟ್ಟು ಬಿಚ್ಚಿದ. "ಅದು ಮಳೆ ಸಂಧಿ ಕಣ್ರೀ ಸಾರ್. ಓದಿದ್ರೆ ಮಳೆ ಬತ್ತದೆ. ಕಣದ ತುಂಬ ಕಾಫಿ ಹಣ್ಣು ಒಣಗಾಕಿದೀವಿ, ಅದುಕ್ಕೇ ಅವ್ವ ಅರಿಶಿನದ ಗುರುತಿರೋ ಆ ಗರಿ ತೆಗೆದು ಒಳಗಿಟ್ಟವ್ರೆ."

ಇದೂ ಒಂದು ನೆಪವೆಂದೇ ನನಗೆ ತೋರಿತು. ಬಾಯಿ ಬಿಡುವುದಿಲ್ಲ, ಮನಸ್ಸಿನಲ್ಲೇ ಓದಿಕೊಳ್ಳುತ್ತೇನೆಂದು ಅಂಗಲಾಚಿದೆ.

"ಕಣ್ಣಲ್ಲಿ ಓದಿದ್ರೂ ಓದಿದಂಗೇ ಅಲ್ವಾ ಮೇಷ್ಟ್ರೇ?" ಎಂದರು ದೇವಮ್ಮನವರು. "ಕಾಫಿ ಚೀಲ ಸೇರ್ಲಿ. ಆಮೇಲೆ ಹೂವಿನ ಮಳೆ ನಮಗೂ ಬೇಕು. ಆವಾಗ ನಾವೇ ಕರೆಸ್ತೀವಿ, ಗಟ್ಟಿಯಾಗಿ ಓದೀರಂತೆ."

ಕರೆಸುವುದಿಲ್ಲ ಎಂದುಕೊಂಡೆ, ಕರೆಸಿದರು. ಮಾರ್ಚಿನ ಬಿಸಿಲಿಗೆ ಕಾಫಿ ಗಿಡದ ಮೊಗ್ಗುಗಳು ಮಳೆಗಾಗಿ ಬಾಯಾರಿ ನಿಂತಿದ್ದವು. ಆಗ ಒಂದು ಮಳೆ ಬೀಳದಿದ್ದರೆ ಹೂವಿಲ್ಲ, ಹೂವಿಲ್ಲದಿದ್ದರೆ ಆ ವರ್ಷದ ಫಸಲಿಲ್ಲ. ಜಗಲಿಯ ತುಂಬ ನೆಂಟರು, ಅಂಗಳದ ತುಂಬ ತೋಟದ ಲೈನ್ ಮನೆಗಳ ಆಳುಗಳು ಕೂತಿದ್ದರು. ಕಾವ್ಯ ಕೇಳಲು ಇಷ್ಟು ಮಂದಿ ಸೇರಿದ್ದನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲವಾದ್ದರಿಂದ ಸ್ವಲ್ಪ ಉಬ್ಬಿದ್ದೆ. ರಾಗವಾಗಿ ಓದುತ್ತ ಹೋದಂತೆ ಸಂಧಿಯ ನಡುವೆ ಒಂದು ಪದ್ಯ ಕಾಲಿಗೆ ತೊಡರಿತು. ಛಂದಸ್ಸು ಕುಂಟುತ್ತಿತ್ತು, ಮಾತು ತೀರ ಈಚಿನದು. ಸಾಲದ್ದಕ್ಕೆ ಬಯಲುಸೀಮೆಯ ಕವಿ ಕನಸಿನಲ್ಲೂ ಕಂಡಿರಲಾರದ ಇವರ ಮನೆಯ ಹಿಂದಿನ ಗುಡ್ಡದ ಹೆಸರು, ಹಳ್ಳದ ಹೆಸರು ಅದರಲ್ಲಿದ್ದವು. ಅಪ್ಪಟ ಪ್ರಕ್ಷಿಪ್ತ! ಇಡೀ ಸಭೆ ಕೈಮುಗಿದು ಕೂತಿರುವಾಗ, ನಾನು ಕಸುಬಿನ ಚಪಲಕ್ಕೆ ಅದನ್ನು ಹಾರಿಸಿ ಮುಂದಿನ ಪದ್ಯಕ್ಕೆ ನೆಗೆದೆ.

ಓದು ಮುಗಿಯಿತು. ಪೆಟ್ಟಿಗೆಗೆ ಬೀಗ ಬಿತ್ತು. ಮಳೆ ಬಂದ ಮೇಲೆ ಪ್ರತಿ ಮಾಡಿಕೊಳ್ಳಬಹುದೆಂದು ಅಪ್ಪಣೆಯಾಯಿತು. ಎರಡು ದಿನದ ಮೇಲೆ ಆಲೂರಿನ ನನ್ನ ಮನೆಯ ಮುಂದೆ ಜೀಪು ನಿಂತು, ಉದಯಣ್ಣ ಗಂಟುಮುಖ ಹಾಕಿಕೊಂಡು ಇಳಿದ. ಮಳೆಯೇನೋ ಬಂದಿತ್ತು, ಆದರೆ ಪಕ್ಕದ ವನಗೂರಿನ ಕಡೆ ಸುರಿದು, ಇವರ ತೋಟದ ಬೇಲಿಯನ್ನೂ ಮುಟ್ಟದೆ ಹೋಗಿತ್ತು.

"ಏನಾದ್ರೂ ಬುಟ್ಟು ಓದಿದ್ರೇನು ಮೇಷ್ಟ್ರೇ?" ಎಂದು, ಅದೇ ಜೀಪಿನಲ್ಲಿ ಎಸ್ಟೇಟ್ ಮನೆಗೆ ಬಂದಿಳಿದ ನನ್ನನ್ನು ದೇವಮ್ಮನವರು ನೆಟ್ಟಗೆ ಕೇಳಿದರು. ಅಕ್ಷರ ಬಾರದ ಅವರಿಗೆ ಪದ್ಯ ಗೊತ್ತಿರಲಿಲ್ಲ, ಅನುಮಾನವಷ್ಟೇ ಇತ್ತು. ಒಂದು ಪದ್ಯ ಬಿಟ್ಟಿದ್ದನ್ನು ನಾನು ಒಪ್ಪಿಕೊಂಡೆ. ಅದು ಕವಿಯದಲ್ಲ, ಈ ಮನೆಯ ಹಿರಿಯರಾರೋ ಸೇರಿಸಿದ್ದು, ಅದಕ್ಕೇ ಬಿಟ್ಟೆ ಎಂದು ಶಾಸ್ತ್ರೋಕ್ತವಾಗಿ ವಿವರಿಸಿ, ಅದರ ಅರ್ಥವನ್ನೂ ಹೇಳಿದೆ.

ಅವರು ಹಣೆ ಚಚ್ಚಿಕೊಂಡರು. "ಅಯ್ಯೋ ಮಾರಾಯ! ಆ ಕವಿಗೆ ನಮ್ಮೂರು ಗೊತ್ತಿರಲಿಲ್ಲ, ಅದುಕ್ಕೇ ತಾನೆ ನಮ್ಮೋರು ಸೇರ್ಸಿದ್ದು? ಇಲ್ದಿದ್ರೆ ಮಳೆಗೆ ದಾರಿ ಹೆಂಗೆ ಗೊತ್ತಾಗ್ಬೇಕು? ನೀವು ವಿಳಾಸ ಹರಿದು ಹಾಕಿ ಕಾಗದ ಡಬ್ಬಿಗೆ ಹಾಕ್ದಂಗೆ ಮಾಡ್ಬುಟ್ರಲ್ಲ!"

ಕುಂಟುವ ಪದ್ಯವನ್ನು ಸೇರಿಸಿಕೊಂಡೇ ಇಡೀ ಸಂಧಿಯನ್ನು ಮತ್ತೆ ಓದಿದೆ. ಈ ಸಲ ಆಕಾಶ ನೋಡುವ ಸರದಿ ನನ್ನದಾಗಿತ್ತು. ಮಳೆ ಬಾರದಿದ್ದರೆ ಇವರ ಹೂವೂ ಹೋಯಿತು, ನನ್ನ ಪುಸ್ತಕವೂ ಹೋಯಿತು. ರಾತ್ರಿ ಅಲ್ಲೇ ಉಳಿದೆ. ಮಾರನೆಯ ದಿನ ಮಧ್ಯಾಹ್ನ ಗುಡ್ಡದ ಮೇಲೆ ಕತ್ತಲು ಕವಿದು, ಕಾದ ಕಣದ ಮೇಲೆ ದಪ್ಪ ಹನಿಗಳು ಬಿದ್ದವು. ಸಮುದ್ರದ ಮೇಲೆ ಮೋಡ ಕಟ್ಟಿದೆಯೆಂದು ಬೆಳಿಗ್ಗೆ ರೇಡಿಯೋದಲ್ಲಿ ಹೇಳಿದ್ದನ್ನು ನಾನು ಕೇಳಿದ್ದೆ, ಹೇಳಬಾರದೆನಿಸಿ ಸುಮ್ಮನಿದ್ದೆ. ದೇವಮ್ಮನವರು ಅಂಗಳದಲ್ಲಿ ತಲೆ ನೆನೆಸಿಕೊಂಡು ಬಂದು, ಸೊಂಟದ ಬೀಗದ ಕೈಯನ್ನು ಬಿಚ್ಚಿ ನನ್ನ ಅಂಗೈಗೆ ಹಾಕಿದರು. ಬದುಕೆಲ್ಲ ಯಾರನ್ನೂ ನಂಬದ ನನ್ನನ್ನು ಒಬ್ಬರು ನಂಬಿದ್ದರು.

ಆಮೇಲೆ ಕಾಫಿ ಬಂತು. ಅಭ್ಯಾಸಬಲದಿಂದ ಮೂಸಿದೆ. ಸಾಕ್ಷಾತ್ ಎಸ್ಟೇಟಿನ ಮನೆಯಲ್ಲಿ ಚಿಕೋರಿ! ನನ್ನ ಮುಖ ನೋಡಿ ಅವರು ನಕ್ಕರು. "ನಮ್ಮತ್ತೆ ಕಾಲದಿಂದ ಹಾಕ್ತೀವಿ. ಅದಿಲ್ದಿದ್ರೆ ನಮ್ಮನೆ ಕಾಫಿ ಅನ್ಸಾಕಿಲ್ಲ."

ಪುಸ್ತಕ ಅಚ್ಚಾದಾಗ ಆ ಪದ್ಯ ಅದರ ಜಾಗದಲ್ಲೇ ಇತ್ತು. ಪ್ರಕ್ಷಿಪ್ತವೆಂದು ಅಡಿಟಿಪ್ಪಣಿಯಲ್ಲಿ ಹೇಳಿದೆ, ಹೊರಗೆ ಹಾಕಲಿಲ್ಲ. ಸಂಪಾದಕರ ವಿವೇಕದ ಬಗ್ಗೆ ಅನುಮಾನ ಬರುತ್ತದೆಂದು ವಿಮರ್ಶಕರೊಬ್ಬರು ಬರೆದರು. ಅನುಮಾನ ಅವರ ಕಸುಬು, ನನಗೆ ಬೇಸರವಾಗಲಿಲ್ಲ.

ಇವತ್ತು ಬೆಳಿಗ್ಗೆ ಇದನ್ನೆಲ್ಲ ನೆನೆಯುತ್ತ ಕೂತಿದ್ದಾಗ ಸರೋಜ ಕಾಫಿ ತಂದಿಟ್ಟಳು. ಚಿಕೋರಿ ಇದೆಯೆಂದು ಬಲ್ಲೆ, ಬೆರೆಸಿದವರು ಯಾರೆಂದೂ ಬಲ್ಲೆ. ಬಿಸಿಯಿರುವಾಗಲೇ ಒಂದೇ ಉಸಿರಿಗೆ ಕುಡಿದು ಲೋಟ ಕೆಳಗಿಟ್ಟೆ. ಅವಳು ಬಾಗಿಲಲ್ಲೇ ನಿಂತು ನನ್ನನ್ನು ಎವೆಯಿಕ್ಕದೆ ನೋಡಿದಳು. ಹತ್ತಿರ ಬಂದು ಹಣೆ ಮುಟ್ಟಿ, "ಏನ್ರೀ, ಮೂಸ್ಲೇ ಇಲ್ವಲ್ಲ? ಏನು ಮುಚ್ಚಿಡ್ತಿದೀರಿ?" ಎಂದಳು.