ಅಮ್ಮಿಯ ಅರ್ಜಿ ತಿರಸ್ಕೃತವಾದ ಮೇಲೆ

ಅಬ್ಬಾ ಫೋನ್ ಮಾಡಿದಾಗ ನಾನು ಬಸವಕಲ್ಯಾಣದ ಗಂಡನ ಮನೆಯಲ್ಲಿ ಜೋಳದ ಹಿಟ್ಟು ನಾದುತ್ತಿದ್ದೆ. ಅಮ್ಮಿಯ ಅರ್ಜಿ ತಿರಸ್ಕೃತವಾಗಿದೆ ಎಂದಷ್ಟೇ ಹೇಳಿ ಅವರು ಫೋನ್ ಇಟ್ಟರು. ನಾನು ತುಂಬಿದ ಬಸುರಿ. ಹಿಟ್ಟಿನ ಕೈಯಲ್ಲೇ ಹೊಟ್ಟೆ ಹಿಡಿದುಕೊಂಡು ಒಲೆಯ ಮುಂದೆ ಕುಳಿತುಬಿಟ್ಟೆ.

ಅಮ್ಮಿ ಹುಟ್ಟಿದ್ದು ಕರಾಚಿಯಲ್ಲಿ. ಅವಳ ತಂದೆತಾಯಿ ಹುಮನಾಬಾದಿನವರೇ. ಅತ್ತ ಹೋಗಿ ನೆಲೆಸಿದರೂ ಊರಿನ ನಂಟು ಬಿಡಲಾರದೆ ಮಗಳನ್ನು ಇಲ್ಲಿನ ಸಂಬಂಧಿಕರಿಗೆ, ನನ್ನ ಅಬ್ಬಾಗೆ, ಕೊಟ್ಟರು. ಹುಡುಗಿಯಾಗಿದ್ದಾಗ ಬಂದವಳು ಇಲ್ಲೇ ಮಕ್ಕಳನ್ನು ಹೆತ್ತಳು, ಅತ್ತೆಮಾವಂದಿರ ಮಣ್ಣು ಮಾಡಿದಳು, ಪಕ್ಕದ ಮನೆಯ ಕಾಕಿಯ ಜೊತೆ ತೊಗರಿ ಆರಿಸುತ್ತ ಕನ್ನಡ ಕಲಿತಳು. ಆದರೆ ಕಾಗದದಲ್ಲಿ ಅವಳು ಪರದೇಶದವಳು. ವೀಸಾ ಮುಗಿಯುವ ಹೊತ್ತಿಗೆ ಮತ್ತೆ ಮುಂದುವರಿಸಿಕೊಳ್ಳಬೇಕು, ಊರು ಬಿಟ್ಟು ಎಲ್ಲಾದರೂ ಉಳಿಯುವುದಿದ್ದರೆ ಠಾಣೆಗೆ ತಿಳಿಸಬೇಕು. ಕಾಯಂ ಆಗಿ ಇಲ್ಲಿಯವಳಾಗಲು ಹಾಕಿದ್ದ ಅರ್ಜಿಯೇ ಈಗ ಬಿದ್ದುಹೋಗಿತ್ತು. ಅವಳ ತಂದೆಯ ಹೆಸರು ಒಂದು ಕಾಗದದಲ್ಲಿ ಒಂದು ಥರ, ಇನ್ನೊಂದರಲ್ಲಿ ಇನ್ನೊಂದು ಥರ ಇತ್ತಂತೆ. ಅದರ ಜೊತೆಗೆ ವೀಸಾದ ಅವಧಿಯೂ ಮುಗಿಯುತ್ತ ಬಂದಿತ್ತು.

ನನ್ನ ಅತ್ತೆ ಒಳ್ಳೆಯವರು. ಆದರೂ ಆ ಸಂಜೆ ನನ್ನ ಬಳಿ ಕುಳಿತು, ಇದರಿಂದ ನಿನಗೇನೂ ಆಗುವುದಿಲ್ಲವಲ್ಲ, ಹುಟ್ಟುವ ಕೂಸಿಗೆ ಏನೂ ಆಗುವುದಿಲ್ಲವಲ್ಲ ಎಂದು ಮೆಲ್ಲಗೆ ಕೇಳಿದರು. ಇಲ್ಲವೆಂದೆ. ಆಮೇಲೆ ನನ್ನದೇ ಮಾತಿನ ಮೇಲೆ ನಂಬಿಕೆ ಬರಲಿಲ್ಲ.

ಬಾಣಂತನಕ್ಕೆ ಅಮ್ಮಿಯೇ ಬಸವಕಲ್ಯಾಣಕ್ಕೆ ಬರಬೇಕೆಂದು ಮಾತಾಗಿತ್ತು. ಈಗ ಅವಳು ಮನೆಯ ಹೊಸ್ತಿಲು ದಾಟಲೂ ಹೆದರುತ್ತಿದ್ದಳು. ಹಾಗಾಗಿ ನಾನೇ ಹುಮನಾಬಾದಿಗೆ ಹೋದೆ. ಗಂಡ ಬಸ್ಸಿನಲ್ಲಿ ನನ್ನನ್ನು ಕಿಟಕಿಯ ಪಕ್ಕ ಕೂರಿಸಿ, ರಸ್ತೆಯ ಪ್ರತಿ ಉಬ್ಬಿಗೂ ನನ್ನ ಮುಖ ನೋಡುತ್ತಿದ್ದ.

ಮನೆಯಲ್ಲಿ ಅಮ್ಮಿ ವಿಚಿತ್ರವಾಗಿ ಚುರುಕಾಗಿದ್ದಳು. ನನ್ನನ್ನು ಅಡುಗೆಮನೆಯ ಬಾಗಿಲಲ್ಲಿ ಕೂರಿಸಿ ಬಾಣಂತಿಯ ಲೇಹ್ಯಕ್ಕೆ ಅಂಟು ಎಷ್ಟು, ಒಣಕೊಬ್ಬರಿ ಎಷ್ಟು ಎಂದು ತೋರಿಸತೊಡಗಿದಳು. ನೀನೇ ಮಾಡಿಕೊಡುತ್ತೀಯಲ್ಲ, ನನಗ್ಯಾಕೆ ಎಂದೆ. ಅವಳು ಅಬ್ಬಾನ ರಕ್ತದೊತ್ತಡದ ಗುಳಿಗೆ ಎಲ್ಲಿರುತ್ತದೆ ಎಂಬುದನ್ನೂ ತೋರಿಸಿದಳು. ಆಗ ನನಗೆ ನಿಜವಾದ ಭಯ ಹುಟ್ಟಿತು. ಅವಳು ಹೋಗುವ ತಯಾರಿಯಲ್ಲಿದ್ದಳು.

ಕರಾಚಿಯಿಂದ ಅವಳ ಅಣ್ಣ ಫೋನ್ ಮಾಡಿದ್ದರು. ಬಂದುಬಿಡು, ನಿನ್ನ ಕೋಣೆ ಹಾಗೇ ಇದೆ ಎಂದರಂತೆ. ಅವರು ಪ್ರೀತಿಯಿಂದಲೇ ಹೇಳಿದ್ದು. ಅಮ್ಮಿ ಮಾತ್ರ ಫೋನ್ ಇಟ್ಟು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡಳು.

ಅಬ್ಬಾ ಗೊತ್ತುಮಾಡಿದ್ದ ವಕೀಲರು ಹೊಸ ಅರ್ಜಿ ಹಾಕಿಸಿದ್ದರು. ಅದರ ತೀರ್ಮಾನವಾಗುವವರೆಗೆ ಇರಲು ಬಿಡಿ ಎಂದೂ ಕೇಳಿಕೊಂಡಿದ್ದರು. ಬಿಡುತ್ತಾರೋ ಇಲ್ಲವೋ ಅವರಿಗೂ ಗೊತ್ತಿರಲಿಲ್ಲ. ಓಣಿಯಲ್ಲಿ ಮೋಟಾರ್ ಸೈಕಲ್ ನಿಂತರೆ ನಮ್ಮೆಲ್ಲರ ಮಾತೂ ನಿಲ್ಲುತ್ತಿತ್ತು.

ಒಂದು ಮಧ್ಯಾಹ್ನ ಅದು ನಮ್ಮ ಬಾಗಿಲಲ್ಲೇ ನಿಂತಿತು. ಪೊಲೀಸ್ ಬಂದಿದ್ದ. ಅಬ್ಬಾ ಬಾಗಿಲು ತೆಗೆಯುವಷ್ಟರಲ್ಲಿ ಅಮ್ಮಿ ಬುರ್ಖಾ ಹಾಕಿಕೊಂಡು, ಬಟ್ಟೆಯ ಚೀಲ ಹಿಡಿದು ಹಿಂದಿನ ಕೋಣೆಯಿಂದ ಹೊರಗೆ ಬಂದಳು. ಚೀಲ ಕಟ್ಟಿಟ್ಟಿದ್ದು ನಮಗ್ಯಾರಿಗೂ ಗೊತ್ತಿರಲಿಲ್ಲ. ನಾನು ಎದ್ದು ಅವಳ ತೋಳು ಹಿಡಿದೆ. ಪೊಲೀಸಿನವನೇ ಗಾಬರಿಯಾಗಿ ಒಂದು ಹೆಜ್ಜೆ ಹಿಂದೆ ಸರಿದ.

"ಅಮ್ಮಾ, ಚೀಲ ಯಾಕ ತಂದೀರಿ? ನಾಳಿ ಸಾಹೇಬ್ರು ಮಾತಾಡ್ಬೇಕು ಅಂದಾರ, ಅಷ್ಟಽ. ಮನಿಯವರನ್ನ ಕರಕೊಂಡು ಬರ್ರಿ."

ಅವನು ಹೋದ ಮೇಲೆ ಪಕ್ಕದ ಕಾಕಿ ಓಡಿಬಂದಳು. ಕೂಲಿಗೆ ಹೋಗುವವಳು, ಅಂದು ಹೊಲದಿಂದ ಆಗಷ್ಟೇ ಬಂದಿದ್ದಳು, ಕಾಲಿನ ಮಣ್ಣೂ ತೊಳೆದಿರಲಿಲ್ಲ. ಅಮ್ಮಿಯ ಕೈಯಿಂದ ಚೀಲ ಕಿತ್ತುಕೊಂಡು ತನ್ನ ಮನೆಗೆ ಒಯ್ದಿಟ್ಟಳು. "ನಾಳಿ ನಾನೂ ಬರ್ತೀನಿ. ಈಕಿ ನಮ್ಮಾಕಿ ಅಂತ ಹೇಳ್ತೀನಿ, ಕೇಳ್ಲಿ ಬಿಡ್ಲಿ," ಎಂದಳು.

ಮರುದಿನ ಅಮ್ಮಿ, ಅಬ್ಬಾ, ಕಾಕಿ ಮೂವರೂ ಠಾಣೆಗೆ ಹೋದರು. ನನ್ನನ್ನು ಕರೆದೊಯ್ಯಲಿಲ್ಲ. ನಾನು ಕೂರಲಾರದೆ, ನಿಲ್ಲಲಾರದೆ ಗೋಡೆ ಹಿಡಿದು ಅಡ್ಡಾಡಿದೆ. ಅಮ್ಮಿ ವಾಪಸ್ ಬರದಿದ್ದರೆ ನೋವು ಬಂದಾಗ ಯಾರ ಕೈ ಹಿಡಿಯಲಿ ಎಂಬುದೊಂದೇ ಯೋಚನೆ. ಅದು ಎಷ್ಟು ಸ್ವಾರ್ಥವೆಂದು ಆಗ ಹೊಳೆಯಲೂ ಇಲ್ಲ.

ಅವರು ಬಂದಾಗ ಬಿಸಿಲು ಇಳಿದಿತ್ತು. ಹೊಸ ಅರ್ಜಿಯ ತೀರ್ಮಾನದವರೆಗೆ ಇರಬಹುದು, ಕರೆದಾಗ ಬರಬೇಕು ಎಂದಿದ್ದರಂತೆ. ಅಬ್ಬಾ ಅದನ್ನು ಎರಡೆರಡು ಸಲ ಹೇಳಿದರು. ಅಲ್ಲಿ ಏನು ಕೇಳಿದರೆಂದು ನೆರೆಯವರು ವಿಚಾರಿಸಿದಾಗ ಅಮ್ಮಿ ಹೇಳಿದ್ದು ಇಷ್ಟೇ.

"ಚಾ ಕುಡೀರಿ ಅಂದ್ರು. ಕಪ್ ಹಿಡೀಲಿಕ್ಕ ಆಗ್ಲಿಲ್ರಿ. ಈಕಿನಽ ಕುಡಿಸಿದಳು," ಎಂದು ಕಾಕಿಯತ್ತ ನೋಡಿದಳು.

ನನಗೆ ಹುಮನಾಬಾದಿನಲ್ಲೇ ಹೆಣ್ಣುಮಗು ಹುಟ್ಟಿತು. ನೋವಿನುದ್ದಕ್ಕೂ ಅಮ್ಮಿ ನನ್ನ ಕೈ ಬಿಡಲಿಲ್ಲ. ಮಗಳೀಗ ಗೋಡೆ ಹಿಡಿದು ನಿಲ್ಲುತ್ತಾಳೆ. ಹೊಸ ಅರ್ಜಿಗೆ ಇನ್ನೂ ಉತ್ತರ ಬಂದಿಲ್ಲ. ತವರಿಗೆ ಹೋದಾಗ ನಾನು ದೂರದಿಂದಲೇ "ಅಮ್ಮೀ, ನಾನು" ಎಂದು ಕೂಗುತ್ತ ಬರುತ್ತೇನೆ. ಸುಮ್ಮನೆ ಬಾಗಿಲು ತಟ್ಟುವುದನ್ನು ನಾವೆಲ್ಲ ಬಿಟ್ಟಿದ್ದೇವೆ.